ಹಲಗೆ ಮುಚ್ಚಿದ ಸಾಲು

ಭಾಲ್ಕಿ
ಮೇ ೪, ೨೦೨೫

ಪ್ರೀತಿಯ ಮಹಾಮಾಯಾಳ ಪಪ್ಪಾ ಅವರಿಗೆ ಮನಿಷಾಳ ಜೈಭೀಮ್.

ಆರೋಗ್ಯ ಹೇಗಿದೆ? ಜೈಲಿನ ಸೆಕೆಯಲ್ಲಿ ಗಂಟಲು ಕೆಡಿಸಿಕೊಳ್ಳಬೇಡಿ, ಬಿಸಿನೀರು ಕೇಳಿ ಕುಡಿಯಿರಿ. ಕೇಳಲು ನಾಚುವ ಮನುಷ್ಯ ನೀವು. ಹಾಡಲು ನಿಂತರೆ ಮಾತ್ರ ಯಾರಪ್ಪನಿಗೂ ಅಂಜುವುದಿಲ್ಲ. ಪಪ್ಪಾ ಕಾರ್ಯಕ್ರಮಕ್ಕೆ ಹೋಗಿದ್ದಾರೆ ಎಂದು ಮಗಳಿಗೆ ಹೇಳಿದ್ದೆ. ಓಣಿಯ ಹುಡುಗರು ನಿಜ ಹೇಳಿಬಿಟ್ಟರು.

ಇಲ್ಲಿಯ ಸುದ್ದಿ ಚೆನ್ನಾಗಿಲ್ಲ. ನಿಮ್ಮನ್ನು ಒಯ್ದ ಮೇಲೆ ಭಾತಂಬ್ರಾದವರು, ಔರಾದಿನವರು ನಮ್ಮ ಹಾಡಿನ ಮೇಳದ ಬುಕಿಂಗ್ ರದ್ದು ಮಾಡಿದರು. ಬೇರೆ ಮೇಳದವರೂ ಈಗ ಹಾಡು ಕಟ್ಟಿದರೆ ಮೊದಲು ವಕೀಲರಿಗೆ ತೋರಿಸುತ್ತಾರೆ. ಚಿದ್ರಿಯಲ್ಲಿ ನಮ್ಮ ಹಾಡು ರೆಕಾರ್ಡ್ ಮಾಡಿದ ರಶೀದ ಅಹ್ಮದ ಭಾಯಿ ಹೆದರಿ, ಆ ಒಂದು ಸಾಲಿನ ಮೇಲೆ ಜೋರಾಗಿ ಹಲಗೆ ಬಾರಿಸಿ ಹಾಡನ್ನು ಮತ್ತೆ ಬಿಟ್ಟಿದ್ದಾರೆ. "ಸಾಲು ಅಲ್ಲೇ ಅದ ಬೆಹೆನ್, ಬರೇ ಕೇಳಸಂಗಿಲ್ಲ ನೋಡ್ರಿ" ಎಂದರು. ಈಗ ಆ ಜಾಗ ಬಂದರೆ ಮಕ್ಕಳೆಲ್ಲ ಬಾಯಲ್ಲೇ ಹಲಗೆ ಬಾರಿಸಿ, ಮುಚ್ಚಿದ ಆ ಸಾಲನ್ನೇ "ನಮ್ಮ ಓಣಿಗಿ ಬರೂದ್ರಾಗ ನಲ್ಲಿಗೇ ನೀರಡಿಕಿ" ಎಂದು ಕೂಗುತ್ತಾರೆ. ನನಗೆ ನಗುವೂ ಬಂತು, ಅಳುವೂ ಬಂತು.

ಆ ಸಾಲು ತನಗೇ ಚುಚ್ಚಿತೆಂದು, ಇದು ಶಾಂತಿ ಕದಡುವ ಹಾಡೆಂದು ದೂರು ಕೊಟ್ಟ ವಾರ್ಡಿನ ಮುಖಂಡ ಈಗ ಮಾಫಿನಾಮಾ, ಕ್ಷಮಾಪಣೆಯ ಪತ್ರ ಕೇಳುತ್ತಿದ್ದಾನೆ. ಸಾಲು ಸುಳ್ಳು ಎಂದು ನೀವು ಬರೆದುಕೊಟ್ಟರೆ ದೂರು ವಾಪಸಂತೆ. ಮಾವನವರು "ಸಹಿ ಮಾಡು ಅಂತ ಬರಿಯವ್ವಾ, ಜೀವ ದೊಡ್ಡದು" ಎನ್ನುತ್ತಾರೆ. ಅತ್ತೆ ಮಾತ್ರ "ನಮ್ಮಪ್ಪ ಹಾಡಬೇಕಾದ್ರ ಗೌಡರಿಗಿ ಕೇಳತಿದ್ದ, ನನ್ನ ಮಗ ಠಾಣಾದಾಗ ಕೇಳಬೇಕೇನು?" ಎಂದು ಒಲೆಯ ಮುಂದೆ ಗೊಣಗುತ್ತಾರೆ. ನಿಮ್ಮ ಹಟ ನನಗೆ ಗೊತ್ತು, ನೀವು ಸಹಿ ಮಾಡುವವರಲ್ಲ. ಆದರೆ "ಬರೆದದ್ದೂ ಹಾಡಿದ್ದೂ ನಾನೇ" ಎಂದು ನೀವು ಹೇಳಿಕೆ ಕೊಟ್ಟಿದ್ದೀರಂತೆ. ಅದನ್ನು ಕೇಳಿದಾಗಿನಿಂದ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗಾಗಿದೆ. ನಿಮ್ಮ ಮೇಲೆ ಸಿಟ್ಟೂ ಇದೆ, ಪ್ರೀತಿಯೂ ಇದೆ.

ಹಿರಿಯರಿಬ್ಬರ ಆಶೀರ್ವಾದ, ಮಗಳ ಮುತ್ತು ಈ ಹಾಳೆಯಲ್ಲಿವೆ.

ನಿಮ್ಮ
ಮನಿಷಾ

ತಾ.ಕ.: ವಕೀಲರು ಬಾಗಿಲಲ್ಲಿ ಕಾಯುತ್ತಿದ್ದಾರೆ, ಠಾಣೆಗೆ ಹೊರಟಿದ್ದೇನೆ. ಆ ಸಾಲು ಬರೆದವಳು ನಾನು. ಖಾಲಿ ಕೊಡ ಹಿಡಿದು ನಲ್ಲಿಯ ಮುಂದೆ ನಿಂತವಳೂ ನಾನೇ, ನೀವಲ್ಲ. ನನ್ನನ್ನು ಉಳಿಸಲು ಅದನ್ನು ನಿಮ್ಮದೆಂದಿರಿ, ಇನ್ನು ಸಾಕು. ಮಗಳನ್ನು ಅತ್ತೆ ನೋಡಿಕೊಳ್ಳುತ್ತಾರೆ. ಈ ಪತ್ರವನ್ನು ಮೊದಲು ಒಡೆದು ಓದುವ ಜೈಲಿನ ಸಾಹೇಬರೇ, ನೀವೂ ಬರೆದುಕೊಳ್ಳಿ: ಸಾಲು ನನ್ನದು, ಸುಳ್ಳಲ್ಲ. ಇವತ್ತೂ ನೀರು ಬಂದಿಲ್ಲ.