ಮಂಗಳಕ್ಕೆ ಹೋಗುವ ನೌಕೆಯ ಬಾಗಿಲು

ಬೈಲಹೊಂಗಲ,
೧೧ ಫೆಬ್ರವರಿ ೧೯೯೯, ಗುರುವಾರ

ಮಗಳು ಫಿರದೋಸ್‌ಗೆ ಅಬ್ಬಾನ ಸಲಾಂ, ದುವಾ.

ನಿನ್ನ ಕೆಮ್ಮು ನಿಂತಿತೇ? ಅಮ್ಮಿ ಕುಟ್ಟಿ ಕಳಿಸಿದ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಕುಡಿ, ಹಾಸ್ಟೆಲಿನ ಕಿಟಕಿಯಿಂದ ಚೆಲ್ಲಬೇಡ. ಇಲ್ಲಿ ನಾವು ಆರಾಮ. ಅಮ್ಮಿಯ ಮೊಣಕಾಲು ನೋವು ಮಾತ್ರ ಇದ್ದೇ ಇದೆ, ಮಾತ್ರೆ ನುಂಗು ಎಂದರೆ ನನ್ನ ಮೇಲೇ ಸಿಟ್ಟಾಗುತ್ತಾಳೆ.

ಕಾಲೇಜಿನ ಪ್ರದರ್ಶನಕ್ಕೆ ಮಾಡೆಲ್ ಮಾಡಿಕೊಡಿ ಎಂದು ನೀನು ಕಳಿಸಿದ ನಕ್ಷೆಗಳನ್ನು ಬೆಂಚಿನ ಮೇಲೆ ಹರಡಿ ನೋಡಿದೆ. ಮಂಗಳಗ್ರಹಕ್ಕೆ ಮನುಷ್ಯರನ್ನು ಒಯ್ಯುವ ನೌಕೆಗಳಂತೆ. ಮೂವತ್ತು ವರ್ಷ ಗಾಡಿಗಳಿಗೆ ಬಾಡಿ ಕಟ್ಟಿದವನಿಗೆ ಇಂಥ ಚಿತ್ರ ಕಂಡರೆ ನಗು ಬರುತ್ತದೆ. ಒಂದನ್ನು ಭೂಮಿಯ ಸುತ್ತ ಹಾರುತ್ತಲೇ ತುಂಡು ತುಂಡಾಗಿ ಜೋಡಿಸಬೇಕು. ಅಲ್ಲಿ ಬೋಲ್ಟ್ ಕೈಜಾರಿದರೆ ಯಾವ ಅಂಗಡಿಗೆ ಓಡುತ್ತಾರೆ? ಇನ್ನೊಂದರಲ್ಲಿ ವಾಪಸು ಬರುವ ಗಾಡಿಯನ್ನು ಮೊದಲೇ ಖಾಲಿ ಕಳಿಸುತ್ತಾರೆ, ಅದು ಅಲ್ಲಿಯ ಗಾಳಿಯಿಂದ ಇಂಧನ ಮಾಡಿಕೊಂಡು ಕಾಯುತ್ತದಂತೆ. ಸವದತ್ತಿಗೆ ಹೋಗುವ ಡ್ರೈವರ್ ಕೂಡ ಡೀಸೆಲ್ ಟಾಕಿಗೆ ಕಡ್ಡಿ ಇಳಿಸಿ ನೋಡದೆ ಹೊರಡುವುದಿಲ್ಲ. ಮೂರನೆಯದು ನಿಮ್ಮ ಸರ್ ಸ್ವತಃ ಬರೆದದ್ದು. ನಮ್ಮ ಅಡುಗೆಮನೆಯಷ್ಟು ಜಾಗದಲ್ಲಿ ನಾಲ್ಕು ಜನ, ಎರಡೂವರೆ ವರ್ಷ. ಗೋಡೆಯ ಬಣ್ಣ ಯಾವುದೆಂದು ಬರೆದಿದ್ದಾರೆ, ಒದ್ದೆ ಟವೆಲ್ಲು ಎಲ್ಲಿ ಹಾಕಬೇಕೆಂದು ಬರೆದಿಲ್ಲ. ಒಂದು ದಿನವಾದರೂ ಲಾರಿಯ ಕ್ಯಾಬಿನ್ನಿನಲ್ಲಿ ಮಲಗಿದವರು ಹೀಗೆ ಬರೆಯುವುದಿಲ್ಲ.

ಆದರೂ ನೀನು ಕೇಳಿದ್ದೀಯೆಂದು ಆ ಮೂರನೆಯದನ್ನೇ ಅಳತೆ ತಪ್ಪದೆ ಕಟ್ಟಿದೆ. ಪಕ್ಕದ ವೆಲ್ಡಿಂಗ್ ಅಂಗಡಿಯ ಲಗಮಣ್ಣ ತಗಡು ಕತ್ತರಿಸಿಕೊಟ್ಟ. ಕೆಲಸ ಮುಗಿದ ಮೇಲೆ ಅವನು ಒಳಕ್ಕೆ ತೆರೆಯುವ ಬಾಗಿಲನ್ನು ಬೆರಳಿನಿಂದ ನೂಕಿದ. ಅದು ನಾಲ್ಕನೆಯ ಮಂಚಕ್ಕೆ ಬಡಿದು ಅರ್ಧಕ್ಕೇ ನಿಂತಿತು. "ಸಾಬರ, ಬೆಂಕಿ ಹತ್ತಿದ್ರ ಈ ಮಂದಿ ಹೊರಗ ಬರೂದು ಹ್ಯಾಂಗ್ರಿ?" ಎಂದ.

ಎಸ್‌ಟಿಡಿ ಬೂತಿಗೆ ಹೋಗಿ ನಿಮ್ಮ ಸರ್‌ಗೆ ಫೋನ್ ಮಾಡಿ, ಬಾಗಿಲು ಮಂಚಕ್ಕೆ ಬಡಿಯುತ್ತದೆ, ಒಂದು ಮಂಚ ತೆಗೆಯಲೇ ಎಂದು ಕೇಳಿದೆ. "ನೀವು ಲಾರಿ ಬಾಡಿ ಕಟ್ಟೋರು, ಇದು ನಿಮಗ ತಿಳಿಯಂಗಿಲ್ಲ. ಪ್ರದರ್ಶನದಾಗ ಅದರೊಳಗ ಯಾರರ ಮಲಗತಾರೇನ್ರಿ?" ಎಂದು ನಕ್ಕರು. ಅಷ್ಟು ಓದಿದ ಮನುಷ್ಯನಿಗೆ ಬಾಗಿಲು ಏತಕ್ಕಿರುತ್ತದೆ ಎಂಬುದೇ ಗೊತ್ತಿಲ್ಲ. ಅವರ ಮಾತು ನನಗೆ ನಾಟಲಿಲ್ಲ. ಮೂರು ದಿನಕ್ಕೆ ನಿನ್ನ ಕಾಗದ ಬಂತು: "ಅಬ್ಬಾ, ಸರ್ ಹೇಳಿದಂಗ ಮಾಡಿಕೊಡ್ರಿ, ನನ್ನ ಮಾರ್ಕ್ಸು ಅವರ ಕೈಯಾಗ ಅದಾವ." ಅದು ನಾಟಿತು.

ಆದರೂ ಅವರು ಹೇಳಿದಂತೆ ಮಾಡಿಲ್ಲ. ನಾಲ್ಕನೆಯ ಮಂಚವನ್ನು ಕಿತ್ತು ತೆಗೆದಿದ್ದೇನೆ. ಈಗ ಮೂವರೇ ಹೋಗುತ್ತಾರೆ, ಬಾಗಿಲು ಪೂರ್ತಿ ತೆರೆಯುತ್ತದೆ. ನಾಳೆ ಬೆಳಗಿನ ಬಸ್ಸಿಗೆ ಡಬ್ಬಿ ಕೊಟ್ಟು ಕಳಿಸುತ್ತೇನೆ, ಬಸ್‌ಸ್ಟ್ಯಾಂಡಿಗೆ ಬಂದು ಇಳಿಸಿಕೋ. ಏಕೆ ಕಿತ್ತೆ ಎಂಬುದನ್ನು ಎಲ್ಲರ ಮುಂದೆ ನೀನೇ ಹೇಳಬೇಕು.

ಅಮ್ಮಿ ಸಲಾಂ ಹೇಳಿದ್ದಾಳೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ಅಲ್ಲಾಹ್ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಬ್ಬಾ,
ನಿಜಾಮಸಾಬ

ತಾ.ಕ.: ನೀನು ಹುಟ್ಟುವುದಕ್ಕೆ ಹಿಂದಿನ ವರ್ಷ ಸವದತ್ತಿಯ ಒಬ್ಬರಿಗೆ ಟೆಂಪೊ ಕಟ್ಟಿಕೊಟ್ಟಿದ್ದೆ. ಹಿಂದಿನ ಬಾಗಿಲಿಗೆ ಅಡ್ಡವಾಗಿ ಇನ್ನೊಂದು ಸೀಟು ಹಾಕು ಎಂದರು. ಬಾಗಿಲು ತೆರೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಹಾಕಿದೆ. ಗಾಡಿ ಹಳ್ಳಕ್ಕೆ ಉರುಳಿದಾಗ ಮುಂದಿನ ಬಾಗಿಲು ನೆಲಕ್ಕೆ ಒತ್ತಿಕೊಂಡಿತ್ತು. ಒಳಗಿದ್ದ ಇಬ್ಬರು ಹೆಣ್ಣುಮಕ್ಕಳು ಹೊರಗೆ ಬರಲಿಲ್ಲ. ಪೊಲೀಸರು ಕೇಳಿದಾಗ, ಮಾಲಕರು ಹೇಳಿದಂತೆ ಮಾಡಿದ್ದೇನೆ ಎಂದು ಬರೆಸಿ ಸಹಿ ಮಾಡಿದೆ. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಇದು ನಿನ್ನ ಅಮ್ಮಿಗೂ ಗೊತ್ತಿಲ್ಲ. ಸರ್ ಹೇಳಿದಂತೆ ಮಾಡಿದೆ ಎಂಬ ಮಾತು ನಿನ್ನ ಬಾಯಿಂದ ಬರಬಾರದು.