ಹುಮನಾಬಾದಿಗೆ ಒಯ್ದ ಭಜ್ಜಿ

ನನ್ನ ಕಮಲಕ್ಕಾ,

ಈ ಪತ್ರವನ್ನು ಯಾವ ಪೋಸ್ಟಿನವನೂ ನಿನಗೆ ಮುಟ್ಟಿಸುವುದಿಲ್ಲ, ಗೊತ್ತು. ಆದರೂ ಹುಮನಾಬಾದಿನಲ್ಲಿ ಆದದ್ದನ್ನು ನಿನಗೆ ಹೇಳದೆ ನನಗೆ ಊಟ ಸೇರುತ್ತಿಲ್ಲ. ನೀನಿದ್ದಿದ್ದರೆ ಮೊದಲು ಬೈದು ಆಮೇಲೆ ನಗುತ್ತಿದ್ದೆ. ಅಥವಾ ಮೊದಲೇ ನಕ್ಕುಬಿಡುತ್ತಿದ್ದೆಯೇನೋ.

ಬಸವಕಲ್ಯಾಣದ ಹಾಸ್ಟೆಲಿನಲ್ಲಿ ನಾವಿಬ್ಬರೂ ಅಡುಗೆಗೆ ಇದ್ದಾಗ ಒಂದು ದಿನ ನೀನು ತೊಗರಿಬೇಳೆಯ ಚೀಲ ಬಿಚ್ಚಿದೆ. ಅದರ ಮೇಲಿನ ಅಕ್ಷರಗಳನ್ನು ಹುಡುಗಿಯರಿಂದ ಓದಿಸಿದರೆ ಅದು ಸಮುದ್ರದಾಚೆಯ ಯಾವುದೋ ದೇಶದ ಬೇಳೆ. ಹೊರಗೆ ರಸ್ತೆಯಲ್ಲಿ ನಮ್ಮ ಕಡೆಯ ತೊಗರಿ ತುಂಬಿದ ಲಾರಿಗಳು ಸಾಲಾಗಿ ಹೋಗುತ್ತಿದ್ದವು. "ನಮ್ಮ ತೊಗರಿ ಎಲ್ಲಿಗಿ ಹೊಂಟದ, ಈ ತೊಗರಿ ಎಲ್ಲಿಂದ ಬಂದದ? ದಾರ್‍ಯಾಗ ಒಂದರ ಮಾರಿ ಒಂದು ನೋಡ್ಯಾವೇನು?" ಎಂದೆ ನೀನು. ನಾವೆಲ್ಲ ನಕ್ಕೆವು. ನೀನು ಮಾತ್ರ ನಗಲಿಲ್ಲ. ಅಂದಿನಿಂದ ಯಾವ ಗ್ರಾಮಸಭೆ ಇರಲಿ, ಯಾವ ಮುಖಂಡರು ಬರಲಿ, ಹಾಸ್ಟೆಲಿನ ಮಕ್ಕಳಿಗೆ ಇಲ್ಲಿನದೇ ಕಾಳು, ಇಲ್ಲಿನದೇ ಸೊಪ್ಪು ಕೊಡಿ ಎಂದು ಒಂದೇ ಸಮ ಕೇಳುತ್ತಿದ್ದೆ. ನಿನ್ನನ್ನು ಕಂಡರೆ ಜೀಪು ಹಿಂದಕ್ಕೆ ತಿರುಗಿಸುವವರೂ ಇದ್ದರು.

ನೀನು ಹೋದ ಮೇಲೆ ಬಂದ ಸುದ್ದಿ ಇದು, ಅದಕ್ಕೇ ಹೇಳುತ್ತೇನೆ ಕೇಳು. ಶಾಲೆ, ಅಂಗನವಾಡಿ, ಹಾಸ್ಟೆಲುಗಳ ಊಟಕ್ಕೆ ಒಂದು ಪಾಲನ್ನು ಆಯಾ ತಾಲ್ಲೂಕಿನ ರೈತರಿಂದಲೇ ಕೊಳ್ಳಬೇಕು, ಮಣ್ಣು ಕೆಡಿಸದೆ ಬೆಳೆಯುವವರಿಗೆ ಮೊದಲು ಅವಕಾಶ ಕೊಡಬೇಕು ಎಂದು ರಾಜ್ಯದಲ್ಲಿ ಕಾಯ್ದೆ ತರುತ್ತಾರಂತೆ. ಕರಡು ಬರೆಯುವವರು ಜನರ ಮಾತು ಕೇಳಲು ಹುಮನಾಬಾದಿಗೇ ಬರುವವರಿದ್ದರು, ಅದೂ ಎಳ್ಳಮಾವಾಸ್ಯೆಯ ಮರುದಿನ. ನೀನು ಬಾಯಿ ನೋಯಿಸಿಕೊಂಡದ್ದೆಲ್ಲ ಒಂದು ಕಾಗದಕ್ಕೆ ಇಳಿಯುವ ಹೊತ್ತಿಗೆ ನೀನೇ ಇಲ್ಲ... ನನಗೆ ನಿನ್ನಂತೆ ಭಾಷಣ ಬರುತ್ತದೆಯೇ? ಹಬ್ಬದ ಕಾಳು-ಸೊಪ್ಪಿನ ಭಜ್ಜಿ ಮಾಡಿ ಒಯ್ಯುತ್ತೇನೆ, ತಿಂದು ನೋಡಲಿ, ನಮ್ಮ ಹೊಲಗಳೇ ಮಾತಾಡಲಿ ಎಂದುಕೊಂಡೆ.

ಎಳ್ಳಮಾವಾಸ್ಯೆಗೆ ನೀನು ಗಡಿಗೆ ಹಿಡಿದು ಓಣಿ ಸುತ್ತುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಮನೆಗೊಂದು ಹಿಡಿ. ಯಾರ ಹೊಲದಲ್ಲಿ ಏನಿದೆಯೋ ಅದು: ಹಸಿ ಕಡಲೆ, ಹಸಿ ತೊಗರಿ, ಅವರೆ, ಮೆಂತ್ಯೆ, ಪುಂಡಿಸೊಪ್ಪು. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಒಂದು ಕೈ ಹೋಗುವಷ್ಟು ಸಂದು ಬಿಡುತ್ತಿದ್ದೆ. ಯಾರ ಹಿಡಿ ದೊಡ್ಡದು, ಯಾರದು ಸಣ್ಣದು ಯಾರೂ ನೋಡಬಾರದು. ಆ ಎಲ್ಲ ಹಿಡಿಗಳನ್ನು ಕೂಡಿಸಿ ಹೊಲದಲ್ಲೇ ಭಜ್ಜಿ ಬೇಯಿಸಿ, ಭೂಮಿತಾಯಿಯ ಪಾಲೆಂದು ಹೊಲದ ತುಂಬ ಚರಗ ಚೆಲ್ಲಿ, ಆಮೇಲೆ ನಮಗೆ ಬಡಿಸುತ್ತಿದ್ದೆ.

ಈ ಸಲ ಆ ಗಡಿಗೆ ನಾನು ಹಿಡಿದೆ, ಬಟ್ಟೆಯನ್ನೂ ನಿನ್ನಂತೆಯೇ ಕಟ್ಟಿದೆ. ಪಕ್ಕದ ಮನೆಯ ಶರಣಮ್ಮ ಮುಷ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಹಾಕಿದಳು. ಎಲ್ಲರೂ ಹಾಗೇ ಹಾಕಿದರು. ಮನೆಗೆ ತಂದು ಸುರಿದರೆ ಎಳೆ ಕಾಳು, ಹಸಿರು ಸೊಪ್ಪು, ಹಬ್ಬದ ಕಳೆ. ನಡುವೆ ಒಂದು ಹಿಡಿ ಅವರೆ ಮಾತ್ರ ಸಣ್ಣ ಸಣ್ಣದು, ಅಲ್ಲಲ್ಲಿ ಹುಳ ಕೊರೆದದ್ದು. ಇದ್ಯಾರು ತಾಯಿ ಇಂಥದ್ದು ಹಾಕಿದವರು ಎಂದು ಎಸೆಯಲು ಹೊರಟಿದ್ದೆ. ಹಬ್ಬದ ದಿನ ಬೇಡ ಎಂದು ಸುಮ್ಮನೆ ಕೂಡಿಸಿದೆ. ಹೊಲದಲ್ಲಿ ಉಂಡು, ಮರುದಿನಕ್ಕೆ ಒಂದು ಡಬ್ಬಿ ತೆಗೆದಿಟ್ಟೆವು.

ಹುಮನಾಬಾದಿನ ಆ ಸಭಾಂಗಣದಲ್ಲಿ ನೀನಿರಬೇಕಿತ್ತು. ಗಡಿಗೆಗೆ ಹಿಡಿ ಹಾಕಿದವರೆಲ್ಲ ನನ್ನ ಜೊತೆ ಬಂದಿದ್ದರು. ಕರಡು ಬರೆಯುವ ಸಮಿತಿಯ ಹೆಣ್ಣುಮಗಳೊಬ್ಬಳು ವೇದಿಕೆಯಿಂದ ಇಳಿದು ಬಂದು, ಸಜ್ಜೆರೊಟ್ಟಿ ಮುರಿದು ಭಜ್ಜಿ ಹಚ್ಚಿಕೊಂಡು ತಿಂದಳು. ಬೆರಳು ಚೀಪಿದಳು. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ, ಯಾವುದು ಯಾರ ಹೊಲದ್ದು ಒಬ್ಬೊಬ್ಬರೇ ಹೇಳಿ, ಬರೆದುಕೊಳ್ಳುತ್ತೇನೆ ಎಂದಳು. ನಾನು ಹಿಗ್ಗಿ ಶರಣಮ್ಮನನ್ನೇ ಮೊದಲು ಎಬ್ಬಿಸಿದೆ.

ಶರಣಮ್ಮ ಎದ್ದು ನಿಂತಳು. ನನ್ನ ಮುಖ ನೋಡಿದಳು, ನೆಲ ನೋಡಿದಳು.

"ಹೊಲದ್ದಲ್ರಿ. ಕಡ್ಲಿ ಬಾಜಾರದಾಗ ತಂದೀನಿ. ಹೊಲದಾಗೆಲ್ಲ ಕಬ್ಬು ಅದ. ಹಬ್ಬದ ದಿನ ಖಾಲಿ ಕೈಲೆ ಹ್ಯಾಂಗ ಬರೂದ್ರಿ, ಶರಮ್ ಆತು."

ಆಗಲಿ, ಒಬ್ಬಳು ತಾನೇ ಎಂದು ಮುಂದಿನವಳನ್ನು ಎಬ್ಬಿಸಿದೆ. ಅವಳದೂ ಬಾಜಾರದ್ದೇ. ಅವಳ ಪಕ್ಕದವಳದೂ. ಒಬ್ಬೊಬ್ಬಳು ಹೇಳುತ್ತಿದ್ದಂತೆ ಉಳಿದವರು ಬಾಯಿ ತೆರೆದು ನೋಡುತ್ತಿದ್ದರು. ತಾನೊಬ್ಬಳೇ ಕೊಂಡು ತಂದವಳು, ಮಿಕ್ಕವರೆಲ್ಲ ಹೊಲದಿಂದ ತಂದಿದ್ದಾರೆ ಎಂದು ಪ್ರತಿಯೊಬ್ಬಳೂ ನಂಬಿದ್ದಳು ಅಕ್ಕ. ನಾನೂ ಅಷ್ಟೇ. ನನ್ನ ಮೆಂತ್ಯೆ ಬಸ್ ನಿಲ್ದಾಣದ ಹತ್ತಿರದ ತರಕಾರಿ ಬಂಡಿಯದು. ಒಂದೇ ಬಂಡಿಯಿಂದ ಒಬ್ಬರಿಗೊಬ್ಬರು ಕಾಣದ ಹಾಗೆ ತಂದು, ಬಟ್ಟೆಯ ಅಡಿಯಲ್ಲಿ ಕೂಡಿಸಿ, ಅದನ್ನೇ ಭೂಮಿತಾಯಿಗೆ ಚೆಲ್ಲಿ ಬಂದಿದ್ದೆವು. ಕಪ್ಪು ಮಣ್ಣಿನ ಘಾಟಬೋರಾಳದವರು ನಾವು. ನಮಗೆ ಇದು ಯಾವಾಗ ಆಯಿತು? ಎಲ್ಲರ ಹೊಲವೂ ಎಲ್ಲರ ಕಣ್ಣೆದುರೇ ಇತ್ತಲ್ಲ, ಯಾರಿಗೂ ಯಾಕೆ ಹೊಳೆಯಲಿಲ್ಲ?

ವೇದಿಕೆಯ ಮೇಲಿದ್ದ ಅಧಿಕಾರಿಯೊಬ್ಬರು ಪೆನ್ನಿನ ಮುಚ್ಚಳ ಹಾಕಿದರು. ಸಿಟ್ಟಿನಿಂದಲ್ಲ, ಮೆಲ್ಲಗೆ ಕೇಳಿದರು: "ಬೆಳೆಯುವವರೇ ಇಲ್ಲದಿದ್ದರೆ, ಸ್ಥಳೀಯರಿಂದಲೇ ಕೊಳ್ಳಿ ಎಂದು ಕಾಯ್ದೆ ಮಾಡಿ ಏನು ಪ್ರಯೋಜನ ತಾಯಿ?"

ಅಲ್ಲಿಗೆ ಮುಗಿಯಿತು, ನಿನ್ನ ಇಷ್ಟು ವರ್ಷದ ಓಡಾಟವನ್ನು ಒಂದು ಡಬ್ಬಿ ಭಜ್ಜಿಯಲ್ಲಿ ಮುಳುಗಿಸಿದೆ ಎನ್ನಿಸಿತು. ಆದರೆ ಹಾಸ್ಟೆಲಿನ ಆ ಬೇಳೆಯ ಚೀಲ ನೆನಪಾಗಿ ಎದ್ದು ನಿಂತೆ ನೋಡು.

"ಸಾಹೇಬ್ರ, ಕಬ್ಬಿಗಿ ಹೊಲದ ಬಾಯಿಗೇ ಲಾರಿ ಬರ್ತದ. ಮೆಂತ್ಯೆ ಬೆಳದ್ರ ಬಾಜಾರದಾಗ ಸಂಜಿತನ ಕೂತು, ಬಾಡಿದ್ದು ದನಕ್ಕ ಹಾಕಿ ಬರ್ತೇವಿ. ಕೊಳ್ಳೋರಿಲ್ಲಂತ ಬಿತ್ತೂದು ಬಿಟ್ಟೇವಿ. ಬಿತ್ತೂಕಿಂತ ಮೊದಲ, ಕೊಳ್ತೇವಿ ಅಂತ ಕಾಯ್ದೆದಾಗ ಬರೀರಿ. ಆಮ್ಯಾಗ ಬಂದು ಇದೇ ಮಾತು ಕೇಳ್ರಿ."

ಅಷ್ಟು ಹೇಳಿ ಕೂತೆ. ಆಗ ಹಿಂದಿನ ಸಾಲಿನಲ್ಲಿ ನಿನ್ನ ಸೊಸೆ ರೇಣುಕಾ ಎದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ. "ಅವರಿಕಾಳು ನಂದ್ರಿ. ಬಾಜಾರದ್ದಲ್ಲ. ನಮ್ಮತ್ತಿ ಹೋಗೂಕಿಂತ ಮೊದಲ ಬೇಲಿಗಿ ಹಾಕಿದ್ರು. ನೀರೂ ಹಾಕಿಲ್ಲ ನಾವು, ತಾನೇ ಹಬ್ಬ್ಯದ."

ನಾನು ಎಸೆಯಲು ಹೊರಟಿದ್ದ ಹಿಡಿ ನಿನ್ನದಾಗಿತ್ತು. ಇಡೀ ಗಡಿಗೆಯಲ್ಲಿ ನಮ್ಮ ಮಣ್ಣಿನದು ಅದೊಂದೇ, ಅದೂ ನೀನೇ ಇಲ್ಲದ ವರ್ಷ. ಸಭೆಯೆಂಬುದನ್ನೂ ಮರೆತು ಅತ್ತುಬಿಟ್ಟೆ. ಆ ಸಮಿತಿಯ ಹೆಣ್ಣುಮಗಳು, ಅದರ ಬೀಜ ಉಳಿದಿದೆಯೇ ಎಂದು ಕೇಳಿದಳು. ರೇಣುಕಾ ಖಾಲಿ ಡಬ್ಬಿಯ ಕಡೆ ನೋಡಿದಳು. ಇದ್ದಷ್ಟನ್ನೂ ಸುಲಿದು ಭಜ್ಜಿಗೆ ಹಾಕಿದ್ದಳು. ನಾವು ಅದನ್ನು ತಿಂದು ಬಾಯಿ ಒರೆಸಿಕೊಂಡಿದ್ದೆವು.

ಊರಿಗೆ ಬಂದವರೇ ನೇರ ನಿನ್ನ ಬೇಲಿಗೆ ಹೋದೆವು. ಬಳ್ಳಿ ಒಣಗತೊಡಗಿತ್ತು, ಬುಡದಿಂದ ಕೈಗೆಟಕುವವರೆಗೆ ಒಂದು ಕಾಯಿ ಇರಲಿಲ್ಲ. ಶರಣಮ್ಮ ತಲೆ ಎತ್ತಿದಳು. ನಿನ್ನ ಬಳ್ಳಿ ಬೇಲಿ ಸಾಲದೆ ಪಕ್ಕದ ಬೇವಿನ ಮರ ಹತ್ತಿತ್ತು. ಮೇಲೆ, ಯಾರ ಕೈಗೂ ಸಿಗದ ಕಡೆ ಒಣಗಿದ ಕಾಯಿಗಳು. ನೀನೂ ಹಾಗೇ ಅಲ್ಲವೇ, ಒಂದು ಬಾಗಿಲು ಮುಚ್ಚಿದರೆ ಇನ್ನೊಂದಕ್ಕೆ ಹೋಗಿ ಕೂರುವವಳು. ಉದ್ದನೆಯ ದೋಟಿ ತಂದು ಕಾಯಿ ಕೆಡವಿದೆವು.

ಕಾಯ್ದೆಯ ಕಥೆ ಇಷ್ಟು: ಬಿತ್ತನೆಗೆ ಮೊದಲೇ ಖರೀದಿಯ ಮಾತು ಕೊಡಬೇಕು ಎಂಬ ಸಾಲನ್ನು ಆ ಸಮಿತಿಯ ಹೆಣ್ಣುಮಗಳು ಸಭೆಯಲ್ಲಿ ನಮ್ಮೆದುರೇ ಬರೆದು ಓದಿ ತೋರಿಸಿದಳು. ಬೆಂಗಳೂರಿನಲ್ಲಿ ಅದು ಉಳಿಯುತ್ತದೋ ಅಳಿಯುತ್ತದೋ ಗೊತ್ತಿಲ್ಲ. ಕೇಳುತ್ತಲೇ ಇರುತ್ತೇವೆ, ಜೀಪು ತಿರುಗಿಸುವವರು ತಿರುಗಿಸಲಿ. ನಿನ್ನೆ ನಾನು ಅದೇ ಗಡಿಗೆಯಲ್ಲಿ ನಿನ್ನ ಬೀಜ ಹಾಕಿಕೊಂಡು ಮತ್ತೆ ಓಣಿ ಸುತ್ತಿದೆ. ಬಾಯಿಗೆ ಬಟ್ಟೆ ಕಟ್ಟಲಿಲ್ಲ. ಒಬ್ಬೊಬ್ಬಳೂ ಕೈ ಹಾಕಿ, ಎಲ್ಲರ ಎದುರು ನಾಲ್ಕಾರು ಬೀಜ ತೆಗೆದುಕೊಂಡು, ಮಳೆಗಾಲಕ್ಕೆಂದು ಬೂದಿಯಲ್ಲಿ ಕಲಸಿ ಇಟ್ಟಳು.

ಮುಂದಿನ ಎಳ್ಳಮಾವಾಸ್ಯೆಗೆ, ಭಜ್ಜಿಗೆ ಹಾಕುವ ಮೊದಲು ಬೀಜ ಎತ್ತಿಡುತ್ತೇವೆ ಕಮಲಕ್ಕಾ. ಆಮೇಲೆ ಗಡಿಗೆಯ ಬಾಯಿಗೆ ಮತ್ತೆ ಬಟ್ಟೆ ಕಟ್ಟುತ್ತೇನೆ, ಹಿಡಿ ದೊಡ್ಡದಿರಲಿ ಸಣ್ಣದಿರಲಿ, ಎಲ್ಲರದೂ ನಮ್ಮ ಮಣ್ಣಿನದೇ ಆಗಿರುತ್ತದಲ್ಲ.

ನಿನ್ನ ಓಣಿಯ
ಸುಮಿತ್ರಾ