ಅಂಜೂರದ ಮರದ ಫೋನು

ಮಾರ್ಚ್ 4, ಬೆಳಿಗ್ಗೆ 8.30

ಅರಮನೆಯ ಅಂಗಳ ಗುಡಿಸಿ ಆಯಿತು. ಕಾರಂಜಿ ಇನ್ನೂ ಬಿಟ್ಟಿಲ್ಲ. ರಾಜರು ಓಡಾಡಿದ ಅಂಗಳದಲ್ಲಿ ಈಗ ಕಬ್ಬಿಣದ ಮೂರು ಕುದುರೆ, ಮೂರಕ್ಕೂ ತಲೆಯಿಲ್ಲ. ಕಲಾಪ್ರದರ್ಶನವಂತೆ. ಗೇಟಿನಲ್ಲಿ ಹದಿನೈದು ವರ್ಷ ನಿಂತ ನನ್ನನ್ನು ಈಗ ತೋಟದ ಕಾವಲಿಗೆ ಹಾಕಿದ್ದಾರೆ. ಅಲ್ಲಿ ಮರಗಳಿಗೆ ಹಳೇ ಕಾಲದ ಫೋನು ನೇತುಹಾಕಿದ್ದಾರೆ, ಹನ್ನೆರಡು. ರಿಸೀವರ್ ಎತ್ತಿದರೆ ಅರಮನೆಯಲ್ಲಿ ದುಡಿದವರ ಮಾತು ಕೇಳಿಸುತ್ತದೆ. ಪಕ್ಕದಲ್ಲೊಂದು ಬೋರ್ಡು, ಇರುವೆ ಸಾಲಿನಂಥ ಅಕ್ಷರ. ಒರೆಸುವುದು ನನ್ನ ಕೆಲಸ. ಓದುವುದು ಟಿಕೆಟ್ ತೆಗೆದುಕೊಂಡು ಬಂದವರ ಕೆಲಸ.

ಮಾರ್ಚ್ 4, ಸಂಜೆ

ಮೂಲೆಯ ಅಂಜೂರದ ಮರದ ಫೋನು. ಧೂಳು ಒರೆಸಲು ಎತ್ತಿದೆ. ಒಂದು ಕೆಮ್ಮು. ಆಮೇಲೆ — "ಶುರು ಮಾಡ್ಲಾ ಮೇಡಂ?"

ಅಣ್ಣ.

ಇಪ್ಪತ್ತೆಂಟು ವರ್ಷ ಈ ತೋಟದ ಮಾಲಿಯಾಗಿದ್ದ. ಹೋಗಿ ಐದು ತಿಂಗಳು. ಅದಕ್ಕೂ ಮುಂಚೆ ನಾಲ್ಕು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದ. ಈಗ ಕಿವಿಯೊಳಗೆ ನಿಂತು ಗುಲಾಬಿ ಕತ್ತರಿಸುವ ಪಾಠ ಹೇಳುತ್ತಿದ್ದಾನೆ. ಗೊಬ್ಬರ, ಬೇಸಿಗೆಯ ನೀರು, ಏನೇನೋ. ಕೇಳುತ್ತಾ ನಿಂತೆ. ಇದ್ದಕ್ಕಿದ್ದಂತೆ, "ಗೇಟಲ್ಲಿ ನನ್ನ ತಂಗಿ ಇದಾಳೆ. ಅವಳಿಗೊಂದು ಮಾತು ಹೇಳ್ಬೇಕು..."

ರಿಸೀವರ್ ಕುಕ್ಕಿಬಿಟ್ಟೆ. ಸತ್ತ ಮೇಲೂ ನಾಲ್ಕು ಜನರ ಎದುರು ಇವನ ಕೈಲಿ ಬೈಸಿಕೊಳ್ಳಬೇಕೇ?

ಮಾರ್ಚ್ 5

ಬೈಯಲು ಅವನಿಗೆ ಹಕ್ಕಿತ್ತು. ಬರೆದುಬಿಡುತ್ತೇನೆ, ಇದನ್ನು ಓದುವವರು ಯಾರಿದ್ದಾರೆ.

ಅಮ್ಮನಿಗೆ ಸೀರಿಯಸ್ ಎಂದು ಆಸ್ಪತ್ರೆಯಿಂದ ಫೋನು ಬಂದದ್ದು ಗೇಟಿಗೆ. ಅಣ್ಣ ತೋಟದ ಕೊಳದ ಆಚೆ ಇದ್ದ, ಹತ್ತು ನಿಮಿಷದ ದಾರಿ. ಹಿಂದಿನ ದಿನವಷ್ಟೇ ಜಗಳವಾಗಿತ್ತು, ಅಮ್ಮನನ್ನು ಯಾರು ಹೆಚ್ಚು ನೋಡಿಕೊಂಡರು ಎಂದು. ಹೇಳಿಕಳಿಸಲು ಹೊತ್ತಿರಲಿಲ್ಲ. ಒಬ್ಬಳೇ ಹೋದೆ. ಅವನು ಬರುವಷ್ಟರಲ್ಲಿ ಅಮ್ಮನ ಮುಖಕ್ಕೆ ಬಟ್ಟೆ ಮುಚ್ಚಿದ್ದರು. ಅವತ್ತಿನಿಂದ ಹಿಂದಿನ ಬಾಗಿಲಿನಿಂದ ಕೆಲಸಕ್ಕೆ ಬರತೊಡಗಿದ. ನಾನಿರುವ ಗೇಟು ದಾಟಲೇ ಇಲ್ಲ.

ಮಾರ್ಚ್ 8

ದಿನಕ್ಕೆ ನಾಲ್ಕು ಸಲ ಎತ್ತುತ್ತೇನೆ. ಐದು. ಗುಲಾಬಿ, ಗೊಬ್ಬರ, "ಬೇಸಿಗೇಲಿ ಎಲೆಗೆ ನೀರು ಹಾಕೋರು ದಡ್ಡರು" — ಅಲ್ಲಿಗೆ ಇಟ್ಟುಬಿಡುತ್ತೇನೆ. ಮುಂದಿನದು ಬೇಡ. ಪುಕ್ಕಲಿ ನಾನು. ಆ ದಡ್ಡಿಯೂ ನಾನೇ, ಮನೆಯ ಕುಂಡದ ಗಿಡಗಳನ್ನೆಲ್ಲ ಹಾಗೇ ಸಾಯಿಸಿದ್ದೆ. ನಗು ಬಂತು. ಬೆನ್ನಿಗೇ ಅಳು.

ಟಿಕೆಟ್ ಕೌಂಟರಿನ ಮೀಸೆಯವನು ಕೇಳಿದ, ಅಷ್ಟು ಹೊತ್ತು ಯಾರ ಜೊತೆ ಹರಟೆ, ಸಂಬಂಧ ಏನಾದರೂ ಕುದುರಿತೇ ಎಂದು. ಬಾಯಿಗೆ ಬಂದಂತೆ ಬೈದೆ. ಪಾಪ, ಅವನಿಗೇನು ಗೊತ್ತು.

ಕಾರಂಜಿ ಹತ್ತಿರದ ಎರಡು ಫೋನು ಕೆಟ್ಟಿವೆ. ಸದ್ದೇ ಇಲ್ಲ. ಆಫೀಸಿಗೆ ಹೇಳಿದೆ. ತಲೆಯಾಡಿಸಿದರು.

ಮಾರ್ಚ್ 13, ಮಧ್ಯಾಹ್ನ

ಆದದ್ದಾಗಲಿ, ಬೈದರೆ ಬೈಯಲಿ, ಪೂರ್ತಿ ಕೇಳುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಕಣ್ಣು ಮುಚ್ಚಿ ನಿಂತೆ. ಗುಲಾಬಿ... ಗೊಬ್ಬರ... "ಬೇಸಿಗೇಲಿ ಎಲೆಗೆ" — ನಿಂತುಹೋಯಿತು. ಮತ್ತೆ ಎತ್ತಿದೆ. ಗೊಬ್ಬರಕ್ಕೇ ನಿಂತಿತು. ಮತ್ತೆ ಎತ್ತಿದೆ. ಗೊಬ್ಬರವೂ ಮುಗಿಯಲಿಲ್ಲ.

ಕನ್ನಡಕ ಹಾಕಿಕೊಂಡೆ. ಹತ್ತು ದಿನದಿಂದ ಒರೆಸುತ್ತಿದ್ದ ಬೋರ್ಡು. 'ರಿಸೀವರ್ ಎತ್ತಿದ ಪ್ರತಿ ಸಲವೂ ಈ ಧ್ವನಿಯ ಕೊನೆಯಿಂದ ನಾಲ್ಕು ಸೆಕೆಂಡು ಅಳಿದುಹೋಗುತ್ತದೆ. ಮತ್ತೆ ಸಿಗುವುದಿಲ್ಲ.'

ಈ ಮೂಲೆಗೆ ಬರುವವರೇ ಇಲ್ಲ. ಎತ್ತಿದವಳು ನಾನೊಬ್ಬಳೇ.

ಮಾರ್ಚ್ 16

ಈ ಫೋನುಗಳನ್ನು ನೇತುಹಾಕಿದ ಕಲಾವಿದೆ ಬಂದಿದ್ದಳು. ಒಳ್ಳೆಯ ಹುಡುಗಿ, ಜಗಳವಾಡಲು ಬಾಯಿ ಬರಲಿಲ್ಲ. ಕಾಪಿ ಕೇಳಿದೆ. ಇಟ್ಟುಕೊಂಡಿಲ್ಲವಂತೆ. ಇಟ್ಟುಕೊಂಡರೆ ಈ ಕೆಲಸಕ್ಕೆ ಅರ್ಥವೇ ಇಲ್ಲವಂತೆ. ಅಣ್ಣ ತಂಗಿಯ ಬಗ್ಗೆ ಏನು ಹೇಳಿದ ಎಂದು ಕೇಳಿದೆ.

"ಮಾತು ನೆನಪಿಲ್ಲ ಅಕ್ಕಾ. ಹೇಳಿ ಆದ್ಮೇಲೆ ಕಣ್ಣೊರೆಸ್ಕೊಂಡ್ರು. ಅದು ನೆನಪಿದೆ."

ಸಿಟ್ಟಿಗೋ ಪ್ರೀತಿಗೋ ಎಂದೆ. ಗೊತ್ತಿಲ್ಲ ಎಂದಳು. ನನಗೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ಮಾರ್ಚ್ 20

ಫೋನಿಗೆ 'ಕೆಟ್ಟಿದೆ' ಎಂದು ಚೀಟಿ ಅಂಟಿಸಿದೆ. ಬೇರೆಯವರನ್ನು ತಡೆಯಬಹುದು. ನನ್ನ ಕೈಯನ್ನು ತಡೆಯುವವರು ಯಾರು? ಗುಲಾಬಿಯೂ ಹೋಯಿತು. ಉಳಿದದ್ದು ಆ ಕೆಮ್ಮು, ಆ ಒಂದು ಪ್ರಶ್ನೆ. ಇನ್ನೊಂದೇ ಸಲ.

ಮಾರ್ಚ್ 21, ಸಂಜೆ 6.30

ಪ್ರದರ್ಶನ ಮುಗಿಯಿತು. ಕುದುರೆಗಳನ್ನು ಲಾರಿಗೆ ಏರಿಸಿದರು. ಫೋನು ಬಿಚ್ಚುವವರು ಅಂಗಳದ ಕಡೆಯಿಂದ ಒಂದೊಂದೇ ಮರ ಮುಗಿಸುತ್ತಾ ಬರುತ್ತಿದ್ದರು. ಎತ್ತಿದೆ. ಕೆಮ್ಮಿದ. ಶುರು ಮಾಡ್ಲಾ ಎಂದ. ಆಮೇಲೆ ಏನೂ ಇಲ್ಲ.

ಇಡಲಿಲ್ಲ. ಅವನು ಕೇಳಿದನಲ್ಲ, ನಾನೇ ಶುರು ಮಾಡಿದೆ. ಈ ಪುಸ್ತಕಕ್ಕೂ ಸುಳ್ಳು ಬರೆದಿದ್ದೆ, ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

"ಅಣ್ಣಾ, ನಾನು ಕಣೋ. ಅವತ್ತು ನೀನು ಕೊಳದ ಆಚೆ ಇರ್ಲಿಲ್ಲ. ನೀನು ಗೇಟಿಗೇ ಬಂದಿದ್ದೆ. ನನ್ನ ಮುಖ ನೋಡಿ ಏನಾಯ್ತು ಅಂತ ಕೇಳ್ದೆ. ಏನಿಲ್ಲ ಹೋಗು ಅಂತ ನಾನೇ ಕಳಿಸ್ಬಿಟ್ಟೆ ಕಣೋ."